ಬೇಸರದಿಂದ ಬಿಟ್ಟದ್ದು ತ್ಯಾಗವೇ?

ಆರಂಭಿಸಿದ ಕಾರ್ಯವನ್ನು ನಡುವೆ ಕೈಬಿಡಬಾರದೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡುವ ಮೊದಲ ನೀತಿಗಳಲ್ಲಿ ಒಂದು. ಈಚಿನ ದಿನಗಳಲ್ಲಿ ಈ ನೀತಿಯ ಎದುರಿಗೆ ಹೊಸದೊಂದು ಪ್ರಶ್ನೆ ಬಂದು ನಿಂತಿದೆ. ತರುಣನೊಬ್ಬನು ಹಣ ಕೊಟ್ಟು ಒಂದು ವಿಡಿಯೋ ಆಟವನ್ನು ಕೊಳ್ಳುತ್ತಾನೆ. ಇಪ್ಪತ್ತು ಗಂಟೆಗಳ ಕಾಲ ಉತ್ಸಾಹದಿಂದ ಆಡುತ್ತಾನೆ. ಆಮೇಲೆ ಎದುರಾಗುವುದು ಅದೇ ಓಟ, ಅದೇ ಹುಡುಕಾಟ, ಅದೇ ಗೆಲುವು. ಕಥೆಯ ಕೊನೆ ಇನ್ನೂ ದೂರವಿದೆ. ಬಿಡೋಣವೆಂದರೆ ಅರ್ಧಕ್ಕೆ ಬಿಟ್ಟೆನೆಂಬ ಅಳುಕು. ಮುಂದುವರಿಸೋಣವೆಂದರೆ ಮನಸ್ಸು ಒಲ್ಲದು. ಹೀಗೆ ಬಿಡುವುದು ದೋಷವೇ? ಅಥವಾ ಭೋಗದ ವಸ್ತುವೊಂದನ್ನು ಬಿಟ್ಟಂತಾಯಿತಾದ್ದರಿಂದ ಅದು ಗುಣವೇ?

ಪ್ರಶ್ನೆಯು ಚಿಕ್ಕದೆಂದು ತೋರಬಹುದು. ಆದರೆ ಹಿಡಿಯುವುದು, ಬಿಡುವುದು ಎಂಬ ಎರಡು ಮಾತುಗಳ ಮೇಲೆಯೇ ಶ್ರಾವಕಧರ್ಮವೆಲ್ಲ ನಿಂತಿದೆ. ಏನನ್ನು ಹಿಡಿದರೆ ಬಿಡಬಾರದು, ಏನನ್ನು ಬಿಟ್ಟರೆ ತ್ಯಾಗವೆನಿಸುತ್ತದೆ ಎಂಬುದನ್ನು ತಿಳಿಯದವನು ದೊಡ್ಡ ವಿಷಯಗಳಲ್ಲಿಯೂ ತಡವರಿಸುತ್ತಾನೆ. ಆದುದರಿಂದ ಇದನ್ನು ಸ್ವಲ್ಪ ವಿಚಾರಿಸುವುದು ಉಚಿತ. ಕೊಲೆಯನ್ನೇ ವಿನೋದವಾಗಿಸಿಕೊಂಡ ಆಟಗಳ ಮಾತು ಇಲ್ಲಿಲ್ಲ. ಪಣವೊಡ್ಡಿ ಆಡುವ ಆಟಗಳ ಮಾತೂ ಇಲ್ಲ. ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತವನ್ನು ಎಷ್ಟು ಬೇಗ ಬಿಟ್ಟರೂ ತಡವೇ ಸರಿ. ಸಾಮಾನ್ಯ ಮನೋರಂಜನೆಯ ಆಟವನ್ನು ಕುರಿತು ಮಾತ್ರ ಇಲ್ಲಿ ವಿವೇಚಿಸಲಾಗಿದೆ.

ಈ ಆಟಗಳು ಕೊನೆ ಮುಟ್ಟುವ ಮೊದಲೇ ಬೇಸರ ತರುವುದೇಕೆಂಬುದನ್ನು ಮೊದಲು ತಿಳಿಯಬೇಕು. ೧೯೮೦ರಲ್ಲಿ ಜಪಾನಿನಲ್ಲಿ ಹೊರಬಂದ ಪ್ಯಾಕ್‌ಮ್ಯಾನ್ ನಾಣ್ಯ ಹಾಕಿ ಆಡುವ ಆಟ. ಅದಕ್ಕೆ ಮುಕ್ತಾಯವೆಂಬುದನ್ನೇ ಯೋಜಿಸಿರಲಿಲ್ಲ. ಆಡುವವನು ಸೋತಾಗ ಆಟ ಮುಗಿಯುತ್ತಿತ್ತು. ಸೋಲದೆ ೨೫೬ನೆಯ ಹಂತಕ್ಕೆ ಹೋದವರ ಎದುರಿಗೆ ಪರದೆಯ ಅರ್ಧಭಾಗವು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತಿತ್ತು. ಹಂತಗಳನ್ನು ಎಣಿಸುವ ಯಂತ್ರದ ಲೆಕ್ಕವು ೨೫೫ನ್ನು ದಾಟಲಾರದೆ ತಪ್ಪುತ್ತಿದ್ದುದೇ ಅದಕ್ಕೆ ಕಾರಣ. ಯಂತ್ರದ ಅಶಕ್ತಿಯೇ ಅಲ್ಲಿ ಆಟದ ಅಂತ್ಯ.

೧೯೮೬ರಲ್ಲಿ ಜಪಾನಿನಲ್ಲಿಯೇ ಬಂದ ಲೆಜೆಂಡ್ ಆಫ್ ಜೆಲ್ಡಾ ಆಟದಲ್ಲಿ ಅಂದು ಆಡಿದ್ದನ್ನು ಉಳಿಸಿಟ್ಟು ಮರುದಿನ ಮುಂದುವರಿಸಬಹುದಾಯಿತು. ಇಂಥ ಅನುಕೂಲದಿಂದ ಆಟಗಳು ದಿನಗಟ್ಟಲೆ ನಡೆಯುವ ಕಥೆಗಳಾದವು. ಅದೇ ವರ್ಷದ ಡ್ರ್ಯಾಗನ್ ಕ್ವೆಸ್ಟ್ ಆಟದಲ್ಲಿ ಮುಂದಿನ ಶತ್ರುವನ್ನು ಎದುರಿಸಲು ಬಲ ಸಾಲದಿದ್ದರೆ, ಸಣ್ಣ ಎದುರಾಳಿಗಳೊಡನೆ ಒಂದೇ ಬಗೆಯ ಕಾಳಗವನ್ನು ಮತ್ತೆ ಮತ್ತೆ ಮಾಡಿ ಅಂಕೆಗಳನ್ನು ಕೂಡಿಸಿಕೊಳ್ಳಬೇಕು. ಇದಕ್ಕೆ ಆಟಗಾರರು ಗ್ರೈಂಡಿಂಗ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಬೀಸುವುದು. ಬೀಸುಕಲ್ಲಿನ ಮುಂದೆ ಕುಳಿತವರಿಗೆ ಹಿಟ್ಟಾದರೂ ದೊರೆಯುತ್ತಿತ್ತು! ೨೦೧೬ರಲ್ಲಿ ಬಂದ ಪರ್ಸೋನಾ ೫ ಎಂಬ ಆಟದ ಕಥೆಯನ್ನು ಮುಗಿಸಲು ಸುಮಾರು ೧೦೦ ಗಂಟೆಗಳು ಬೇಕು. ೨೦೧೨ರಲ್ಲಿ ಆರಂಭವಾದ ಕ್ಯಾಂಡಿ ಕ್ರಶ್ ಸಾಗಾ ಆಟದ ಹಂತಗಳು ೧೦,೦೦೦ವನ್ನು ಎಂದೋ ದಾಟಿವೆ. ಹೊಸವು ಸೇರುತ್ತಲೇ ಇವೆ. ಕೊಳ್ಳುವವನು ಕೊಟ್ಟ ಹಣಕ್ಕೆ ಎಷ್ಟು ಗಂಟೆಗಳ ಆಟ ದೊರೆಯಿತೆಂದು ಅಳೆಯುವುದರಿಂದ, ಮಾಡುವವನು ಉದ್ದವನ್ನು ಬೆಳೆಸುತ್ತಾನೆ. ಹೊಸತು ಮುಗಿದ ಮೇಲೂ ಉದ್ದ ಮುಗಿಯದಿದ್ದರೆ ಉಳಿಯುವುದು ಬೇಸರವೇ.

ಇಂದು ಆಟವನ್ನು ಎಷ್ಟು ಮಂದಿ ಮುಗಿಸಿದರೆಂಬುದು ಗುಟ್ಟಾಗಿಯೂ ಉಳಿದಿಲ್ಲ. ೨೦೦೫ರಲ್ಲಿ ಎಕ್ಸ್‌ಬಾಕ್ಸ್ ೩೬೦ ಯಂತ್ರದೊಡನೆ ಆಟಗಾರನ ಹೆಸರಿಗೆ ಸಾಧನೆಯ ಗುರುತುಗಳನ್ನು ಜಮಾ ಮಾಡುವ ಪದ್ಧತಿ ಬಂದಿತು. ೨೦೦೮ರಲ್ಲಿ ಪ್ಲೇಸ್ಟೇಷನ್ ೩ ಯಂತ್ರಕ್ಕೂ ಟ್ರೋಫಿಗಳು ಬಂದವು. ಕಥೆಯ ಕೊನೆ ಮುಟ್ಟಿದ್ದಕ್ಕೆ ಒಂದು ಗುರುತು, ಅದನ್ನು ಪಡೆದವರು ನೂರಕ್ಕೆ ಎಷ್ಟೆಂಬ ಲೆಕ್ಕ, ಎರಡೂ ಈಗ ಕಾಣುತ್ತವೆ. ಅನೇಕ ದೀರ್ಘ ಆಟಗಳಲ್ಲಿ ಆ ಲೆಕ್ಕ ಅರ್ಧವನ್ನೂ ಮುಟ್ಟುವುದಿಲ್ಲ. ನಡುವೆ ಬಿಡುವವರೇ ಬಹುಮಂದಿ ಎಂದಾಯಿತು. ಆದರೆ ಬಹುಮಂದಿ ಮಾಡಿದ ಮಾತ್ರಕ್ಕೆ ಯಾವುದೂ ನಿರ್ದೋಷವೆನಿಸದು. ವಿಚಾರದಿಂದಲೇ ನಿರ್ಣಯವಾಗಬೇಕು.

ಬಿಡಬಾರದೆನ್ನುವವರ ಪಕ್ಷವನ್ನು ಮೊದಲು ನೋಡೋಣ. ಅನಂತವ್ರತವನ್ನು ಹಿಡಿದವರು ೧೪ ವರ್ಷ ನಡೆಸಿ ಉದ್ಯಾಪನೆ ಮಾಡುತ್ತಾರೆ. ನೋಂಪಿಯನ್ನು ನಡುವೆ ಬಿಟ್ಟವರು ಪಟ್ಟ ಕಷ್ಟವನ್ನು ನೋಂಪಿಯ ಕಥೆಗಳಲ್ಲಿ ಕೇಳಿದ್ದೇವೆ. ಹಿಡಿದದ್ದನ್ನು ಮುಗಿಸುವ ಅಭ್ಯಾಸ ಎಲ್ಲಿಯಾದರೂ ಬೆಳೆಯಲಿ, ಆಟದಲ್ಲಿಯೂ ಬೆಳೆಯಲಿ ಎಂಬುದು ಅವರ ವಾದ. ಇಲ್ಲಿ ಒಂದು ಸೂಕ್ಷ್ಮವಿದೆ. ನೋಂಪಿಯನ್ನು ಮುಗಿಸಲೇಬೇಕೆಂಬ ಹೊಣೆಯು ಅದನ್ನು ಆರಂಭಿಸಿದ್ದರಿಂದ ಬಂದುದಲ್ಲ. ದೇವಗುರುಗಳ ಸಾಕ್ಷಿಯಾಗಿ ಸಂಕಲ್ಪ ಮಾಡಿದ್ದರಿಂದ ಬಂದುದು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಕಾಲದ ಮಿತಿಯುಳ್ಳದ್ದನ್ನು ನಿಯಮವೆಂದೂ, ಜೀವವಿರುವವರೆಗಿನದನ್ನು ಯಮವೆಂದೂ ವಿಂಗಡಿಸಿದ್ದಾರೆ. ಎರಡಕ್ಕೂ ಮೂಲ ಸಂಕಲ್ಪವೇ. ಅಂಗಡಿಯಲ್ಲಿ ಹಣ ಕೊಟ್ಟು ಆಟವನ್ನು ತಂದವನು ಯಾರ ಮುಂದೆ ಯಾವ ಸಂಕಲ್ಪವನ್ನು ಮಾಡಿದನು? ಗುಜರಾತು ರಾಜಸ್ಥಾನಗಳ ಜೈನರಲ್ಲಿ ಹಿಂದೆ ಜ್ಞಾನಬಾಜಿಯೆಂಬ ಪಟದ ಆಟವಿತ್ತು. ೮೪ ಮನೆಗಳು, ಏಣಿಗಳು, ಹಾವುಗಳು, ಮೇಲ್ತುದಿಯಲ್ಲಿ ಸಿದ್ಧಶಿಲೆ. ಆ ಪಟದ ಸಿದ್ಧಶಿಲೆಯನ್ನು ಮುಟ್ಟುವ ಮೊದಲೇ ಪಟವನ್ನು ಮಡಚಿಟ್ಟವನು ಮೋಕ್ಷಮಾರ್ಗದಿಂದ ಜಾರಿದನೆಂದು ಯಾರೂ ಹೇಳಲಾರರು.

ಕೊಟ್ಟ ಹಣ ವ್ಯರ್ಥವಾಗುವುದೆಂಬುದು ಇನ್ನೊಂದು ವಾದ. ಹಣವು ಕೊಟ್ಟ ದಿನವೇ ಹೋಯಿತು. ಅದರ ಬೆನ್ನು ಹತ್ತಿ ಇನ್ನೂ ಮೂವತ್ತು ಗಂಟೆಗಳ ಆಯುಷ್ಯವನ್ನು ಕಳುಹಿಸಿದರೆ ಎರಡೂ ಹೋದಂತೆ. ಹಣವನ್ನಾದರೂ ಮತ್ತೆ ಗಳಿಸಬಹುದು. ಕಳೆದ ಗಳಿಗೆಯನ್ನು ಚಕ್ರವರ್ತಿಯೂ ಮರಳಿ ಪಡೆಯಲಾರನು.

ಮೂರನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಎಲ್ಲಕ್ಕಿಂತ ಬಲವಾದುದು ಅದೇ. ಅನೇಕ ಆಟಗಳು ಈಗ ವ್ರತದ ವೇಷವನ್ನೇ ಧರಿಸಿವೆ. ೨೦೧೬ರಲ್ಲಿ ಬಂದ ಪೋಕೆಮಾನ್ ಗೋ ಎಂಬ ಮೊಬೈಲು ಆಟವು ಅದೇ ವರ್ಷದಲ್ಲಿ, ಏಳು ದಿನ ಬಿಡದೆ ಆಡಿದವರಿಗೆ ಏಳನೆಯ ದಿನ ಹೆಚ್ಚಿನ ಬಹುಮಾನವೆಂಬ ಕಟ್ಟಳೆಯನ್ನು ತಂದಿತು. ಒಂದು ದಿನ ತಪ್ಪಿದರೆ ಎಣಿಕೆ ಮೊದಲಿನಿಂದ. ಇಂಥ ಕಟ್ಟಳೆಗಳು ಇಂದು ಬೇರೆ ಆಟಗಳಲ್ಲಿಯೂ ಇವೆ. ನಿತ್ಯನಿಯಮ, ಭಂಗದ ಭಯ, ಪೂರ್ತಿಗೆ ಫಲ, ಇವೆಲ್ಲ ವ್ರತದ ಹೊರಗಿನ ಆಕಾರಗಳು. ಆದರೆ ವ್ರತವು ಹಿಡಿದವನ ಆಸೆಯನ್ನು ಕಡಿಮೆ ಮಾಡುತ್ತದೆ. ಇದು ಆಸೆಯನ್ನೇ ಹಗ್ಗವಾಗಿ ಹೊಸೆಯುತ್ತದೆ. ಬಹುಮಾನಕ್ಕಾಗಿ ಮಾಡಿದ ವ್ರತವನ್ನೇ ಶಾಸ್ತ್ರವು ನಿದಾನಶಲ್ಯವೆಂದು ಕರೆದಿರುವಾಗ, ವ್ರತವೇ ಅಲ್ಲದ ಇದಕ್ಕೆ ವ್ರತದ ಗೌರವವನ್ನು ಕೊಟ್ಟು ಹೆದರುವುದು ಸಲ್ಲದು. ಆದುದರಿಂದ ಬೇಸರ ಬಂದ ಆಟವನ್ನು ಅರ್ಧಕ್ಕೆ ಬಿಡುವುದು ವ್ರತಭಂಗವೂ ಅಲ್ಲ, ದೋಷವೂ ಅಲ್ಲ. ಇದಕ್ಕೆ ಒಂದು ಅಪವಾದ ಮಾತ್ರ ಉಂಟು. ಗೆಳೆಯರ ಗುಂಪಿನಲ್ಲಿ ಸೇರಿ, ಇಂತಿಷ್ಟು ಹೊತ್ತು ಜೊತೆಗಿರುವೆನೆಂದು ಮಾತು ಕೊಟ್ಟು, ಸೋಲು ಕಂಡಾಗ ಸದ್ದಿಲ್ಲದೆ ಹೊರಟುಹೋಗುವವನು ತಪ್ಪಿತಸ್ಥನೇ. ಅಲ್ಲಿ ಕೆಟ್ಟದ್ದು ಆಟವಲ್ಲ, ಕೊಟ್ಟ ಮಾತು.

ಹಾಗಾದರೆ ಬಿಟ್ಟವನು ತ್ಯಾಗಿಯಾದನೇ? ಎರಡನೆಯ ಪಕ್ಷದವರು ಹಾಗೆ ಹೇಳಬಯಸುತ್ತಾರೆ. ಇದೂ ಸರಿಯಲ್ಲ. ಅನಿಷ್ಟವಾದುದನ್ನೂ ಸೇವಿಸಲು ತಕ್ಕುದಲ್ಲದುದನ್ನೂ ಬಿಡಬೇಕಾದುದೇ. ಆದರೆ ಭೋಗಿಸಲು ತಕ್ಕುದಾದ ವಿಷಯದಿಂದಲೂ ಅಭಿಸಂಧಿಪೂರ್ವಕವಾಗಿ, ಎಂದರೆ ತಿಳಿದು ನಿಶ್ಚಯಿಸಿ ಹಿಂದೆಗೆಯುವುದು ವ್ರತವೆಂಬುದು ಸಮಂತಭದ್ರರ ಅಭಿಪ್ರಾಯ. ಹೊಟ್ಟೆ ಬಿರಿಯುವಂತೆ ಉಂಡವನು ಎಲೆಯಿಂದ ಏಳುವುದು ಉಪವಾಸವಲ್ಲ. ಬೇಸರಗೊಂಡವನನ್ನು ಆಟದಿಂದ ಎಬ್ಬಿಸಿದ್ದು ನಿಶ್ಚಯವಲ್ಲ, ಅರತಿ. ಒಂಬತ್ತು ನೋಕಷಾಯಗಳಲ್ಲಿ ಅರತಿಯೂ ಒಂದೆಂಬುದನ್ನು ವಾಚಕರು ಬಲ್ಲರು. ರತಿಯು ಅದರ ಜೊತೆಯದು. ಒಂದು ಆಟದಲ್ಲಿ ಅರತಿ ಹುಟ್ಟಿದ ಸಂಜೆಯೇ ಇನ್ನೊಂದರಲ್ಲಿ ರತಿ ಹುಟ್ಟುತ್ತದೆ. ಅದೂ ಇಪ್ಪತ್ತು ಗಂಟೆಗಳಲ್ಲಿ ಹಳತಾಗುತ್ತದೆ. ಹೀಗೆ ಹತ್ತು ಆಟಗಳನ್ನು ಬಿಟ್ಟವನು ಹತ್ತು ತ್ಯಾಗಗಳನ್ನು ಮಾಡಲಿಲ್ಲ. ಕೊಂಬೆಯಿಂದ ಕೊಂಬೆಗೆ ಹಾರಿದ ಕೋತಿ ಮರವನ್ನು ಬಿಟ್ಟಿತೆಂದು ಹೇಳುವುದುಂಟೇ?

ಈಗ ಅತಿ ಕಠಿಣವಾದ ಆಕ್ಷೇಪವನ್ನು ಎದುರಿಸಬೇಕು. ಬುದ್ಧಿವಂತನಾದ ಮಗನು ಹೀಗೆ ಕೇಳಬಹುದು: “ಅಜ್ಜ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಿ ಅಂಕೆ ಕೂಡಿಸುವ ಆಟವನ್ನು ಬಿಡಬಹುದೆಂದಿರಿ. ಜಪಮಣಿಯಲ್ಲಿಯೂ ೧೦೮ ಸಲ ಒಂದೇ ಮಂತ್ರವಲ್ಲವೇ? ದಶಲಕ್ಷಣದ ಹತ್ತು ದಿನ ಏಕಭುಕ್ತವೆಂದು ಹಿಡಿದೆ. ಐದನೆಯ ದಿನಕ್ಕೆ ಅದೂ ಬೇಸರವಾಯಿತು. ಅದನ್ನೇಕೆ ಬಿಡಬಾರದು?” ಇಂಥ ಪ್ರಶ್ನೆಯನ್ನು ಗದರಿಸಿ ಅಡಗಿಸಬಾರದು. ಉತ್ತರ ಕೊಡತಕ್ಕದ್ದು.

ಆಟದಲ್ಲಿ ನೂರು ಸಲ ಒಂದೇ ಕಾಳಗವನ್ನು ಮಾಡಿದಾಗ ಪರದೆಯ ಮೇಲಿನ ವೀರನ ಬಲ ಬೆಳೆಯುತ್ತದೆ. ಆಡುವವನು ಇದ್ದಂತೆಯೇ ಇರುತ್ತಾನೆ. ಜಪದಲ್ಲಿ ಮಣಿಗಳ ಸಂಖ್ಯೆಯು ಫಲವಲ್ಲ. ಚದುರಿದ ಉಪಯೋಗವನ್ನು ೧೦೮ ಸಲ ಮರಳಿ ತಂದು ನಿಲ್ಲಿಸಿದ ಆತ್ಮವು ಬದಲಾಗುತ್ತದೆ. ಯಾವ ಪುನರಾವೃತ್ತಿಯು ಮಾಡುವವನನ್ನು ತಿದ್ದುತ್ತದೆಯೋ ಅದು ಅಭ್ಯಾಸ. ಯಾವುದು ಹೊತ್ತನ್ನು ಮಾತ್ರ ತಿನ್ನುತ್ತದೆಯೋ ಅದು ಬರಿಯ ಬೀಸುವಿಕೆ. ಮನಸ್ಸನ್ನು ಎಲ್ಲಿಯೋ ಇರಿಸಿ ಬೆರಳಿನಿಂದ ಮಣಿಯನ್ನು ತಳ್ಳುವ ಜಪವೂ ಬೀಸುವಿಕೆಯೇ ಎಂಬುದನ್ನು ಹಿರಿಯರಾದ ನಾವು ಒಪ್ಪಿಕೊಳ್ಳಲೇಬೇಕು. ಒಪ್ಪದೆ ಮಕ್ಕಳಿಗೆ ಉಪದೇಶಿಸಿದರೆ ಅವರು ನಮ್ಮ ಬೆರಳನ್ನು ನೋಡುತ್ತಾರೆಯೇ ಹೊರತು ಮಾತನ್ನು ಕೇಳುವುದಿಲ್ಲ.

ವ್ರತದಲ್ಲಿ ಬೇಸರ ಬರುವುದಿಲ್ಲವೆಂದು ಆಚಾರ್ಯರು ಎಲ್ಲಿಯೂ ಹೇಳಲಿಲ್ಲ. ಸಾಮಾಯಿಕಕ್ಕೂ ಪ್ರೋಷಧೋಪವಾಸಕ್ಕೂ ಹೇಳಿದ ಐದೈದು ಅತಿಚಾರಗಳಲ್ಲಿ ಅನಾದರವನ್ನು ಎಣಿಸಿದ್ದಾರೆ. ಉತ್ಸಾಹ ಕುಂದುವುದು ಸಹಜವೆಂದು ಅರಿತೇ ಅದಕ್ಕೊಂದು ಹೆಸರಿಟ್ಟರು. ಅತಿಚಾರವು ತಿದ್ದಿಕೊಳ್ಳತಕ್ಕ ಮಲಿನತೆ. ವ್ರತವನ್ನೇ ಎಸೆಯಲು ಕಾರಣವಲ್ಲ. ಬಟ್ಟೆಗೆ ಮಣ್ಣು ತಗಲಿದರೆ ಒಗೆಯುತ್ತೇವೆ, ಸುಡುವುದಿಲ್ಲ. ಆದುದರಿಂದ ಒಂದೇ ಬೇಸರವು ಎರಡು ಕಡೆಗಳಲ್ಲಿ ಎರಡು ಅರ್ಥಗಳನ್ನು ಪಡೆಯುತ್ತದೆ. ಆಟದಲ್ಲಿ ಅದು ‘ಇಲ್ಲಿ ಇನ್ನೇನೂ ಇಲ್ಲ, ಏಳು’ ಎನ್ನುವ ಸೂಚನೆ. ವ್ರತದಲ್ಲಿ ‘ನಿನ್ನ ಮನಸ್ಸು ಜಾರುತ್ತಿದೆ, ಹಿಡಿ’ ಎನ್ನುವ ಎಚ್ಚರಿಕೆ. ಆಟದ ನ್ಯಾಯವನ್ನು ವ್ರತಕ್ಕೆ ತಂದವನು ಐದನೆಯ ದಿನ ಏಕಭುಕ್ತವನ್ನು ಬಿಡುತ್ತಾನೆ. ವ್ರತದ ನ್ಯಾಯವನ್ನು ಆಟಕ್ಕೆ ಒಯ್ದವನು ನಡುರಾತ್ರಿಯವರೆಗೆ ಕಣ್ಣುಜ್ಜಿಕೊಂಡು, ತನಗೆ ಬೇಡವಾದ ಕಥೆಯ ಕೊನೆಯನ್ನು ಬೆನ್ನಟ್ಟುತ್ತಾನೆ. ಮೊದಲನೆಯವನಲ್ಲಿ ಸ್ಥೈರ್ಯವಿಲ್ಲ, ಎರಡನೆಯವನಲ್ಲಿರುವುದು ಸ್ಥೈರ್ಯವಲ್ಲ, ಹಟ.

ಹಾಗೆಂದು ಬೇಸರದಿಂದ ಬಿಟ್ಟ ಗಳಿಗೆಯು ಸಂಪೂರ್ಣವಾಗಿ ನಿಷ್ಫಲವೆಂದು ತಿಳಿಯಬೇಕಾಗಿಲ್ಲ. ನಿನ್ನೆಯವರೆಗೆ ಊಟನಿದ್ರೆಗಳನ್ನು ಮರೆಸಿದ ವಸ್ತುವು ಇಂದು ಸಪ್ಪೆಯಾಯಿತು. ವಸ್ತುವು ಬದಲಾಗಲಿಲ್ಲ, ಸವಿಯು ನಮ್ಮ ಕುತೂಹಲದಲ್ಲಿ ಇದ್ದುದರಿಂದ ಕುತೂಹಲದೊಡನೆ ಹೋಯಿತು. ಇಂದ್ರಿಯಸುಖದ ಸ್ವಭಾವವನ್ನು ಕುರಿತು ಗ್ರಂಥಗಳಲ್ಲಿ ಓದಿದ್ದನ್ನು ಆ ಗಳಿಗೆಯು ಕೈಯಲ್ಲಿಟ್ಟು ತೋರಿಸುತ್ತದೆ. ಒಡನೆಯೇ ಮುಂದಿನ ಆಟಕ್ಕೆ ಕೈಚಾಚದೆ, ನನ್ನನ್ನು ಇಷ್ಟು ದಿನ ಹಿಡಿದಿಟ್ಟುದು ಯಾವುದೆಂದು ಕ್ಷಣಕಾಲ ಕೇಳಿಕೊಂಡರೆ, ಅರತಿಯೂ ವಿವೇಕಕ್ಕೆ ಬಾಗಿಲಾಗಬಹುದು. ಆ ಗಳಿಗೆಯಲ್ಲಿ ‘ಈ ಮಾಸ ಇನ್ನೊಂದು ಆಟವನ್ನು ಕೊಳ್ಳುವುದಿಲ್ಲ’ ಎಂದು ಸಂಕಲ್ಪಿಸಿದರೆ, ಬೇಸರವು ಎಬ್ಬಿಸಿದವನನ್ನು ನಿಯಮವು ನಡೆಸಿದಂತಾಗುತ್ತದೆ. ತ್ಯಾಗವು ಅಲ್ಲಿಂದ ಆರಂಭ.

ಇದಕ್ಕಿಂತಲೂ ಉತ್ತಮವಾದ ದಾರಿಯನ್ನು ಬಾಹ್ಯತಪಸ್ಸುಗಳಲ್ಲಿ ಎರಡನೆಯದಾದ ಅವಮೋದರ್ಯವು ತೋರಿಸುತ್ತದೆ. ಪುರುಷನ ಪೂರ್ಣಾಹಾರವು ೩೨ ತುತ್ತುಗಳೆಂದು ಹೇಳಿ, ಅದಕ್ಕಿಂತ ಕಡಿಮೆ ಉಣ್ಣುವುದನ್ನೇ ತಪಸ್ಸೆಂದಿದ್ದಾರೆ. ಹಸಿವು ಇನ್ನೂ ಸ್ವಲ್ಪ ಇರುವಾಗಲೇ ಏಳುವುದರಲ್ಲಿ ಅದರ ಸಾರವಿದೆ. ಆಟವಾಡುವ ಮನೆಗಳಲ್ಲಿ ಮಕ್ಕಳಿಗೆ ಇದನ್ನು ಕಲಿಸಬೇಕು. ಮೊದಲೇ ಹೊತ್ತನ್ನು ಗೊತ್ತುಮಾಡಿಕೊಂಡು ಕುಳಿತುಕೊಳ್ಳಲಿ. ಆಟವು ಸವಿಯಾಗಿರುವಾಗಲೇ, ಗೊತ್ತಾದ ಹೊತ್ತಿಗೆ ಏಳಲಿ. ಆಟವು ಕೊನೆ ಮುಟ್ಟಿತೋ ಇಲ್ಲವೋ ಎಂದು ಮಕ್ಕಳನ್ನು ಕೇಳಬೇಡಿರಿ; ಹೇಳಿದ ಹೊತ್ತಿಗೆ ಎದ್ದೆಯಾ ಎಂದು ಕೇಳಿರಿ. ಬೇಸರ ಬಂದ ಮೇಲೆ ಏಳಲು ಯಾರಿಗೂ ಗುರು ಬೇಕಾಗಿಲ್ಲ. ಬೇಕೆನಿಸುತ್ತಿರುವಾಗಲೇ ಏಳಲು ಕಲಿತವನಿಗೆ ಮಾತ್ರ ಮುಂದೊಂದು ದಿನ ಉಪವಾಸವು ಹಸಿವಿಗಿಂತ ಹೆಚ್ಚಿನದಾಗಿ ತೋರುವುದು.