ಜಗಲಿಯ ಮೇಲೆ ಕೂತ ಮಾಡ್ಯೂಲು

ಲಿನಕ್ಸ್ ಕಂಪ್ಯೂಟರಿನ ಪರದೆಯ ಮೇಲೆ ಯಾವ ಕಿಟಕಿ ಮುಂದೆ, ಯಾವುದು ಹಿಂದೆ, ಯಾವುದಕ್ಕೆ ಎಷ್ಟು ಜಾಗ ಎಂದು ನೋಡಿಕೊಳ್ಳುವ ಪ್ರೋಗ್ರಾಮೊಂದಿರುತ್ತದೆ. ಅದೇ ವಿಂಡೋ ಮ್ಯಾನೇಜರ್. ಸರಿಯಾಗಿ ನಡೆಯುತ್ತಿರುವಾಗ ಅದು ಇದೆಯೆಂಬುದೇ ಗೊತ್ತಾಗುವುದಿಲ್ಲ. ಎಕ್ಸ್ ವ್ಯವಸ್ಥೆಯಲ್ಲಿ ಅದು ಬಿದ್ದರೆ ಎಷ್ಟೋ ಸಲ ತೆರೆದಿದ್ದ ಎಲ್ಲವೂ ಮುಚ್ಚಿಹೋಗುತ್ತದೆ, ಸೇವ್ ಮಾಡದ ಅಧ್ಯಾಯವೂ ಸೇರಿ.

ಇಂಥ ಮ್ಯಾನೇಜರಿಗೆ ಹೊರಗಿನವರು ಸಿ ಭಾಷೆಯಲ್ಲಿ ಹೊಸ ಸೌಲಭ್ಯಗಳನ್ನು ಬರೆದು ಸೇರಿಸಬಹುದು. ಕಂಪಿಜ್‌ನಲ್ಲಿ ನೀವು ಬರೆದ ಪ್ಲಗಿನ್ ಮ್ಯಾನೇಜರಿನ ಒಳಗೇ ಸೇರಿಕೊಂಡು, ಅದರ ಮೆಮೊರಿಯಲ್ಲೇ ಓಡುತ್ತದೆ. ಸಿ ಭಾಷೆ ಯಾರ ಕೈಯನ್ನೂ ಹಿಡಿದು ನಿಲ್ಲಿಸುವುದಿಲ್ಲ; ಒಂದು ಪಾಯಿಂಟರ್ ದಾರಿ ತಪ್ಪಿದರೆ ಅತಿಥಿಯ ಜೊತೆ ಮನೆಯೂ ಕುಸಿಯುತ್ತದೆ. 1993ರಲ್ಲಿ ರಾಬರ್ಟ್ ನೇಷನ್ ಶುರುಮಾಡಿದ ಎಫ್‌ವಿಡಬ್ಲ್ಯೂಎಮ್‌ನ ರೀತಿ ಬೇರೆ. ಅಲ್ಲಿ ಮಾಡ್ಯೂಲು ಪ್ರತ್ಯೇಕ ಪ್ರೋಗ್ರಾಮು. ಅದನ್ನು ಎಬ್ಬಿಸುವಾಗ ಮ್ಯಾನೇಜರು ಎರಡು ಪೈಪುಗಳ ತುದಿಗಳನ್ನು ಅದರ ಕೈಗಿಡುತ್ತದೆ. ಒಂದರಲ್ಲಿ ಕೇಳಿಸಿಕೊಳ್ಳಬೇಕು, ಇನ್ನೊಂದರಲ್ಲಿ ಹೇಳಬೇಕು. ಮಾಡ್ಯೂಲು ಸತ್ತರೆ ಪೈಪು ಮುಚ್ಚಿಕೊಳ್ಳುತ್ತದೆ, ಉಳಿದ ಕಿಟಕಿಗಳು ಇದ್ದಲ್ಲೇ ಇರುತ್ತವೆ.

ನಾನು ಯಾವ ಕಿಟಕಿಯಲ್ಲಿ ಎಷ್ಟು ಹೊತ್ತು ಕಳೆಯುತ್ತೇನೆಂದು ಬರೆದಿಡುವ ಪುಟ್ಟ ಮಾಡ್ಯೂಲೊಂದನ್ನು ಈ ಎರಡನೆಯ ರೀತಿಯಲ್ಲಿ ಬರೆದೆ. (ಅದು ಕೊಟ್ಟ ಲೆಕ್ಕ ನನ್ನ ಗೈಡ್ ಕಣ್ಣಿಗೆ ಬೀಳದಿದ್ದರೆ ಸಾಕು.) ಬರೆಯುವಾಗ ಒಂದು ಪ್ರಶ್ನೆ ಕಾಡುತ್ತಲೇ ಇತ್ತು: ಬಂದವರನ್ನು ಜಗಲಿಯ ಮೇಲೆಯೇ ಕೂರಿಸಿ ಮಾತಾಡಿಸುವುದು ಅವರನ್ನು ನಂಬದಿರುವುದಲ್ಲವೇ? ಯಾರು ಜಗಲಿ ದಾಟಿ ಒಳಗೆ ಬರಬಹುದೆಂಬುದನ್ನು ಹುಟ್ಟೇ ತೀರ್ಮಾನಿಸುತ್ತಿದ್ದ ಊರುಗಳನ್ನು ಬಲ್ಲವರಿಗೆ ಇದು ಹಗುರವಾದ ಪ್ರಶ್ನೆಯಲ್ಲ.

ಎಫ್‌ವಿಡಬ್ಲ್ಯೂಎಮ್ ಪೇಜರ್ ಎಂಬ ಮಾಡ್ಯೂಲನ್ನು ನೋಡಿದಾಗ ವ್ಯತ್ಯಾಸ ಕಂಡಿತು. ಅದು ಮ್ಯಾನೇಜರಿನ ಜೊತೆಗೇ ಬರುವಂಥದ್ದು, ಮನೆಯವರದೇ ಬರಹ. ಆದರೂ ಅದು ಹೊರಗೇ, ನನ್ನ ಮಾಡ್ಯೂಲಿನ ಹಾಗೆಯೇ ಎರಡು ಪೈಪು ಹಿಡಿದು ಕೂತಿದೆ. ಕಟ್ಟಿದವರು ತಮ್ಮ ಕೈಯ ತಪ್ಪಿಗೂ ಗೋಡೆ ಹಾಕಿಕೊಂಡಿದ್ದಾರೆ. ಜಾತಿಯ ಜಗಲಿಯಲ್ಲಿ ಮನೆಯ ಯಜಮಾನ ಎಂದಾದರೂ ತನ್ನನ್ನು ತಾನೇ ಹೊರಗೆ ಕೂರಿಸಿಕೊಂಡಿದ್ದನೇ?

ಇನ್ನೊಂದು ಸಂಗತಿಯೂ ಇದೆ. ಈ ಗೋಡೆ ಕೇಡಿಗರನ್ನು ತಡೆಯುವುದಿಲ್ಲ. ಎಕ್ಸ್‌ನಲ್ಲಿ ಒಂದು ಪ್ರೋಗ್ರಾಮು ಮನಸ್ಸು ಮಾಡಿದರೆ ಇನ್ನೊಂದರಲ್ಲಿ ಒತ್ತಿದ ಕೀಲಿಗಳನ್ನು ಕದ್ದು ಕೇಳಬಹುದು. ಪೈಪಿನಾಚೆ ಕೂತ ಮಾಡ್ಯೂಲಿಗೂ ಅದು ಅಸಾಧ್ಯವಲ್ಲ. ಅಂದರೆ ಇಲ್ಲಿ ಯಾರ ನಡತೆಯನ್ನೂ ಅನುಮಾನಿಸಿಲ್ಲ. ಒಳ್ಳೆಯವರೂ ಎಡವುತ್ತಾರೆ ಎಂಬುದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.

ಹೊರಗೆ ಕೂತವರಿಗೆ ಕಷ್ಟವಿದೆ, ನಿಜ. ಸಾಮಾನ್ಯವಾಗಿ ಸುದ್ದಿ ತಲುಪುವುದು ನಡೆಯಬೇಕಾದ್ದು ನಡೆದ ಮೇಲೆ. ಕಂಪಿಜ್‌ನಲ್ಲಿ ಎಳೆದಾಗ ಕಿಟಕಿ ಬಟ್ಟೆಯಂತೆ ಬಳುಕುತ್ತದೆ. ಪೈಪಿನಾಚೆಯಿಂದ ಆ ಚೆಲುವನ್ನು ತರುವುದು ಕಷ್ಟ. ಒಳಗೆ ಬಿಟ್ಟುಕೊಳ್ಳುವ ಧೈರ್ಯವೇ ದೊಡ್ಡದು ಎನ್ನುವ ಗೆಳೆಯರಿದ್ದಾರೆ. ಅವರನ್ನು ನಾನು ಕೇಳುವುದು ಇಷ್ಟೇ: ಪ್ಲಗಿನ್ ಬರೆದವರು, ಅದನ್ನು ಒಳಗೆ ಬಿಟ್ಟುಕೊಂಡವರು ಒಬ್ಬರನ್ನೊಬ್ಬರು ನಂಬಿದರು, ಸರಿ. ಪರದೆಯ ಮುಂದೆ ಕೂತು ಅಧ್ಯಾಯ ಬರೆಯುತ್ತಿದ್ದವರನ್ನು ಯಾರು ಕೇಳಿದ್ದರು?