ಮಿತವ್ಯಯವೂ ಮಧುಕರವೃತ್ತಿಯೂ

ಮಿತವ್ಯಯವನ್ನು ನಾವು ಕಲಿತುದು ಚಾತುರ್ಮಾಸ್ಯದ ಅಡಿಗೆಮನೆಯಲ್ಲಿ. ಶಾಕವ್ರತದ ತಿಂಗಳು ಕಾಯಿಪಲ್ಯವಿಲ್ಲ. ಹೆಸರುಬೇಳೆ, ಮೆಣಸು, ಜೀರಿಗೆಗಳಲ್ಲಿಯೇ ಊಟ. ಅರ್ಚಕರಾದ ನಮ್ಮ ತಂದೆಯವರಿಗೆ ಎರಡು ಪಂಚೆ, ಹಿತ್ತಲಿನ ಬಾವಿ, ತುಲಸೀವನ, ಒಂದು ಹಸು ಇಷ್ಟೇ ಸಾಕಾಗಿತ್ತು. ಯಾರ ಮುಂದೆಯೂ ಕೈಯೊಡ್ಡಿದವರಲ್ಲ.

ಆದರೆ ತಾಯಿಯವರಿಗೆ ಶಸ್ತ್ರಚಿಕಿತ್ಸೆ ಅನಿವಾರ್ಯವಾದಾಗ, ಅಷ್ಟು ವರ್ಷಗಳ ಉಳಿತಾಯವು ಮೂರು ದಿನಕ್ಕೂ ಸಾಲಲಿಲ್ಲ. ಉಳಿದುದನ್ನು ಗ್ರಾಮದ ಭಕ್ತರೇ ಒದಗಿಸಿದರು. ತಂದೆಯವರು ಬಹಳ ನೊಂದರು, ನಮಗೂ ಅದು ಅವಮಾನವೆಂದೇ ತೋರಿತು (ಪದವಿ ಓದಿದ ಬುದ್ಧಿ!). ಆಗ ಶ್ರೀಪುರಂದರದಾಸರ ಸ್ಮರಣೆಯಾಯಿತು. ನವಕೋಟಿನಾರಾಯಣರೆನಿಸಿದ್ದ ಅವರು ಸರ್ವಸ್ವವನ್ನೂ ತ್ಯಜಿಸಿ ಮಧುಕರವೃತ್ತಿಯನ್ನು ಹಿಡಿದರೆಂದು ಸಂಪ್ರದಾಯವು ಹೇಳುತ್ತದೆ. ಆ ವೈರಾಗ್ಯವನ್ನು ಕೊಂಡಾಡುವ ನಾವು, ಗೋಪಾಳಬುಟ್ಟಿಗೆ ಅಕ್ಕಿ ಹಾಕಿದ ಗೃಹಿಣಿಯರನ್ನು ನೆನೆದೇ ಇರಲಿಲ್ಲ.

ತಂದೆಯವರು ಅಂದಿನಿಂದ ನಿತ್ಯದ ಅರ್ಚನೆಯಲ್ಲಿ ಆ ಮನೆಗಳವರ ಹೆಸರು, ಗೋತ್ರಗಳನ್ನು ಬಿಡದೆ ಹೇಳುತ್ತಿದ್ದಾರೆ.