ನನ್ನ ಸ್ವಂತ ಜವಾಬ್ದಾರಿಯ ಮೇಲೆ

ಅಂದು ಭಾನುವಾರ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ತಿರುವಿ ಹಾಕುವಷ್ಟರಲ್ಲಿ ಬೆಂಗಳೂರಿನಿಂದ ಮಗಳ ಫೋನು ಬಂತು.

"ಅವ್ವಾ, ಮುಂದಿನ ತಿಂಗಳ ಗಾಡಿ ತಗೊಂಡು ಕೊಯಮತ್ತೂರಿಗೆ ಹೊಂಟೇನಿ."

"ಅಲ್ಲಿ ಯಾರದಾರಬೇ?"

"ಯಾರೂ ಇಲ್ಲ. ಅಲ್ಲೊಂದು ರೇಸಿನ ಟ್ರ್ಯಾಕ್ ಐತಿ. ದಿನಪೂರ್ತಿ ಗಾಡಿ ಓಡಸೂದು."

"ಓಡಿಸಿ ಎಲ್ಲಿಗೆ ಹೋಗಾಕಿ?"

"ಎಲ್ಲಿಗೂ ಇಲ್ಲವಾ. ಹೊಂಟಲ್ಲೇ ತಿರುಗಿ ಬರೂದು."

ರೊಟ್ಟಿ ಸೀದುಹೋಯಿತು.

ಮಗಳಿಗೆ ಇಪ್ಪತ್ತಾರು ವರ್ಷ. ಸ್ವಂತ ದುಡಿಮೆಯ ಕಂತಿನಲ್ಲಿ ಒಂದು ಅಪಾಚೆ ಬೈಕು ಕೊಂಡಿದ್ದಾಳೆ, 160 ಸಿಸಿಯದು. ಹೊಸದಾಗಿ ಕಲಿಯುವವರಿಗೆ ಒಗ್ಗುವ ಗಾಡಿಯಂತೆ. ಅದನ್ನು ಕೊಂಡಾಗಲೇ ನಮ್ಮ ಮನೆಯಲ್ಲಿ ಎರಡು ದಿನ ಮಾತು ನಿಂತಿದ್ದವು. ಆಫೀಸಿಗೆ ಹೋಗಿಬರಲು ಬೇಕು ಎಂದು ಅವಳು ಹೇಳಿದ ಮೇಲೆ ನಮ್ಮ ಮನೆಯವರು ಸುಮ್ಮನಾದರು. ಆಫೀಸಿಗೆ ಎಂದರೆ ಸರಿ. ಈಗ ಇದು ಯಾತಕ್ಕೆ?

ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದೆ. ಅವರು ತಲೆ ಎತ್ತದೆ, "ಸೊಕ್ಕು" ಎಂದಷ್ಟೇ ಅಂದರು. ಎಂಬತ್ತು ದಾಟಿದ ನಮ್ಮ ಅತ್ತೆಯವರಿಗೆ ಕಿವಿ ಮಂದ. ಜಾಗದ ಹೆಸರೇನೆಂದು ಕೇಳಿದರು. "ಕರಿ ಮೋಟಾರ್ ಸ್ಪೀಡ್‌ವೇ" ಅಂದೆ. ಅವರಿಗೆ ಕೇಳಿಸಿದ್ದು ಮೊದಲಿನ ಎರಡಕ್ಷರ ಮಾತ್ರ. "ಕರಿ ಹರಿಯಾಕ ಹೊಂಟಾಳೇನು? ಹೋಗಲಿ ಬಿಡು, ಹಬ್ಬ ಅಲ್ಲೇನು" ಎಂದುಬಿಟ್ಟರು.

ನಗು ಬಂತು. ಆದರೆ ಆ ಮಾತು ತಲೆಯಲ್ಲಿ ಕೂತಿತು. ನಮ್ಮ ಸೀಮೆಯವರಿಗೆ ನಾನು ಹೇಳಬೇಕಿಲ್ಲ. ಕಾರಹುಣ್ಣಿಮೆಯ ಸಂಜೆ ಎತ್ತುಗಳಿಗೆ ಬಣ್ಣ ಬಳಿದು, ಕೋಡಿಗೆ ರಿಬ್ಬನ್ ಕಟ್ಟಿ ಅಗಸಿಯತ್ತ ಓಡಿಸುತ್ತಾರೆ. ಮೊದಲು ಬಂದು ಕರಿ ಹರಿದ ಎತ್ತಿನ ಬಣ್ಣ ನೋಡಿ ವರ್ಷದ ಬೆಳೆ ಹೇಳುತ್ತಾರೆ. ಓಡುವ ಎತ್ತಿನ ಮುಂದೆ ಹುಡುಗರು ಹುಚ್ಚೆದ್ದು ಓಡುತ್ತಾರೆ. ಜಾತ್ರೆ ಬಂತೆಂದರೆ ಖಾಲಿ ಗಾಡಾ ಓಡಿಸುವ ಸ್ಪರ್ಧೆ ಬೇರೆ. ಬಿದ್ದವರು, ಕೈ ಮುರಿದುಕೊಂಡವರು ಪ್ರತಿ ಊರಲ್ಲೂ ಇದ್ದಾರೆ. ಅವರನ್ನು ಯಾರೂ ಸೊಕ್ಕಿನವರೆಂದು ಕರೆದಿಲ್ಲ. ಕಂಬಳ, ಎತ್ತಿನಗಾಡಿ ಓಟಗಳಿಗೆ 2017ರಲ್ಲಿ ನಮ್ಮ ರಾಜ್ಯ ಕಾನೂನಿನ ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅಂದು ನಮ್ಮ ಮನೆಯವರು ಪೇಪರು ಓದಿ ಸಂತೋಷಪಟ್ಟಿದ್ದರು. ಎತ್ತಿಗೆ ಓಡುವ ಮನಸ್ಸಿದೆಯೋ ಇಲ್ಲವೋ ಎಂದು ಕೇಳಿದವರಾರು? ನನ್ನ ಮಗಳಿಗಂತೂ ಮನಸ್ಸಿದೆ. ಅವಳೇ ಹೇಳುತ್ತಿದ್ದಾಳೆ.

ಆದರೂ ನನ್ನ ಪ್ರಶ್ನೆ ಕರಗಲಿಲ್ಲ. ಹಬ್ಬಕ್ಕೆ ಊರಿನ ಒಪ್ಪಿಗೆ ಇದೆ. ಮಳೆಯ ಲೆಕ್ಕ, ಬೆಳೆಯ ಲೆಕ್ಕ ಇದೆ. ಯಾರಿಗೂ ಉಪಯೋಗವಿಲ್ಲದ, ಬರೀ ತನ್ನ ಖುಷಿಯ ಕೆಲಸಕ್ಕೆ ಜೀವವನ್ನು ಅಪಾಯಕ್ಕೆ ಒಡ್ಡಬಹುದೇ? ಹೆತ್ತವರು ಇರುವಾಗ ಜೀವ ತನ್ನದೊಂದೇ ಸ್ವತ್ತೇ? ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಹಾಕಿ ತೂಗಿದ ಮಗು ಅದು. ತೂಗಿದವಳಿಗೆ ಒಂದು ಹಕ್ಕು ಇಲ್ಲವೇ?

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವಳು ಶಾಂತವಾಗಿ ಕೇಳಿಸಿಕೊಂಡಳು. ಇದು ರೇಸ್ ಅಲ್ಲ, ಗೆಲ್ಲುವವರಿಲ್ಲ, ಬಹುಮಾನವಿಲ್ಲ ಎಂದಳು. ದಿನನಿತ್ಯ ರಸ್ತೆಯಲ್ಲಿ ಓಡಿಸುವ ಗಾಡಿಯನ್ನೇ ತೆಗೆದುಕೊಂಡು ಹೋಗಿ, ದುಡ್ಡು ಕಟ್ಟಿ, ಕಲಿಸುವವರ ಮುಂದೆ ಓಡಿಸುವುದು. ಬ್ರೇಕು ಹೇಗೆ ಹಿಡಿಯಬೇಕು, ತಿರುವಿನಲ್ಲಿ ಹೇಗೆ ವಾಲಬೇಕು ಎಂದು ಕಲಿಯುವುದು. ಬೆಂಗಳೂರಿನ ಐಶ್ವರ್ಯ ಪಿಸ್ಸೆ ಎಂಬ ಹುಡುಗಿ 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದಳಲ್ಲ, ಅವಳನ್ನೂ ನೆನಪಿಸಿದಳು. "ಆಕೀ ಅವ್ವನೂ ಅವ್ವನ ಅಲ್ಲೇನ?" ಎಂದಳು.

ನಾನು ಬಿಡಲಿಲ್ಲ. 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಇರುಂಗಾಟುಕೋಟ್ಟೈ ಟ್ರ್ಯಾಕಿನಲ್ಲಿ ರೇಸಿನ ನಡುವೆ ಬಿದ್ದು ತೀರಿಕೊಂಡ ಶ್ರೇಯಸ್ ಹರೀಶನ ಹೆಸರು ಹೇಳಿದೆ. ಬೆಂಗಳೂರಿನ ಹುಡುಗ, ಹದಿಮೂರು ವರ್ಷ. ನನ್ನ ಎಂಟನೆಯ ತರಗತಿಯ ಬೆಂಚಿನಲ್ಲಿ ಕೂರುವ ವಯಸ್ಸು. ಆ ಸುದ್ದಿ ಓದಿದ ದಿನ ನನಗೆ ಪಾಠ ಮಾಡಲು ಆಗಿರಲಿಲ್ಲ. ಹೆಲ್ಮೆಟ್ಟು, ಚರ್ಮದ ಉಡುಪು, ಆಂಬುಲೆನ್ಸು ಎಲ್ಲ ಇದ್ದೂ ಸಾವು ಬರುತ್ತದೆ. ಟ್ರ್ಯಾಕು ಸುರಕ್ಷಿತ ಎಂದು ಯಾರೇ ಹೇಳಿದರೂ ನಾನು ಒಪ್ಪುವುದಿಲ್ಲ, ಈಗಲೂ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹೌದವ್ವಾ. ಅವ ಸಣ್ಣ ಹುಡುಗ. ಅವನ ಬದಲಿ ದೊಡ್ಡವರು ಸಹಿ ಮಾಡಬೇಕಾಗಿತ್ತು. ನನ್ನ ಸಹಿ ನಾನ ಮಾಡಾಕಿ" ಎಂದಳು. ಆಮೇಲೆ ಅರ್ಜಿಯ ಫೋಟೋ ಕಳಿಸಿದಳು. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬಲ್ಲಿ ನನ್ನ ಹೆಸರು, ನನ್ನ ನಂಬರು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಮುಚ್ಚಳಿಕೆ. ಅಪಾಯವನ್ನು ಅರಿತು ನನ್ನ ಸ್ವಂತ ಜವಾಬ್ದಾರಿಯ ಮೇಲೆ ಭಾಗವಹಿಸುತ್ತಿದ್ದೇನೆ ಎಂಬ ಅರ್ಥದ್ದು. ಅದರಡಿ ಅವಳ ದುಂಡು ಸಹಿ.

ಆ ಸಾಲು ಓದಿ ನನಗೆ ಮಗಳು ನೆನಪಾಗಲಿಲ್ಲ. ಬೇರೊಬ್ಬ ಹುಡುಗ ನೆನಪಾದ.

ಇಪ್ಪತ್ತು ವರ್ಷದ ಹತ್ತಿರವಾಯಿತು, 2006. ನವಲಗುಂದ ತಾಲೂಕಿನ ಒಂದು ಹಳ್ಳಿಯ ಶಾಲೆ. ಆಗಸ್ಟ್ 15ರ ಬೆಳಿಗ್ಗೆ ಮಕ್ಕಳು ಸಾಲಾಗಿ ನಿಂತಿದ್ದಾರೆ, ಪೇಢೆಯ ಡಬ್ಬಿ ಬಂದಿಲ್ಲ. ಅದರ ಜವಾಬ್ದಾರಿ ನನ್ನದು. ಹಿಂದಿನ ದಿನ ಹೇಳಿ ಕಳಿಸುವುದನ್ನು ಮರೆತಿದ್ದೆ. ಪಂಚಾಯ್ತಿಯವರು ಬರುವ ಹೊತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮುಂದೆ ಬಂದು, "ನಮ್ಮ ಕಾಕಾನ ಗಾಡಿ ಐತ್ರಿ ಅಕ್ಕೋರ, ಹಾರಿಕೊಂಡು ಬರ್ತೇನ್ರಿ" ಎಂದ. ಇನ್ನೂರು ರೂಪಾಯಿ ಅವನ ಕೈಯಲ್ಲಿಟ್ಟೆ. "ಲಗೂನ ಬಾ" ಎಂದೆ. ಹುಷಾರು ಎನ್ನಲಿಲ್ಲ. ಲಗೂನ ಎಂದೆ.

ರಾತ್ರಿಯೆಲ್ಲ ಮಳೆ ಸುರಿದಿತ್ತು. ನಮ್ಮ ಎರಿ ಮಣ್ಣು ನಿಮಗೆ ಗೊತ್ತು. ಒಣಗಿದರೆ ಕಾಲು ಹೋಗುವಂಥ ಬಿರುಕು, ನೆನೆದರೆ ಬೆಣ್ಣೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ಗಾಲಿ ಹಿಡಿದುಕೊಂಡಿತು. ಗಾಡಿ ಅವನ ಕಾಲಿನ ಮೇಲೆ ಬಿತ್ತು. ತೊಡೆಯ ಎಲುಬು ಮುರಿಯಿತು. ಊರಿನ ಎಲುಬು ಕಟ್ಟುವವರು ಕಟ್ಟಿದರು, ಆಮೇಲೆ ಹುಬ್ಬಳ್ಳಿಗೆ ಒಯ್ದರು. ಕಾಲು ಕೂಡಿತು, ಒಂದಿಷ್ಟು ಗಿಡ್ಡವಾಯಿತು. ಆ ಹುಡುಗ ದಿನಾ ಬೆಳಿಗ್ಗೆ ಹೊಲದ ದಾರಿಯಲ್ಲಿ ಓಡುತ್ತಿದ್ದ, ಮಿಲ್ಟ್ರಿಗೆ ಸೇರಬೇಕೆಂದು.

ನಾಲ್ಕು ದಿನ ಬಿಟ್ಟು ಶಾಲೆಯಲ್ಲಿ ವಿಚಾರಣೆಯಂಥದ್ದು ನಡೆಯಿತು. ಹುಡುಗ ತಾನಾಗಿ ಗಾಡಿ ತೆಗೆದುಕೊಂಡು ಹೋದ ಎಂದು ಹಿರಿಯರೊಬ್ಬರು ಬರೆಸಿದರು. ನನ್ನತ್ತ ನೋಡಿದರು. ನಾನು ನೆಲ ನೋಡಿದೆ. ಸಹಿ ಮಾಡಿದೆ. ಹೌದು, ನನ್ನ ಸಹಿ ಆ ಕಾಗದದ ಮೇಲಿದೆ.

ಅಪ್ರಾಪ್ತರಿಗೆ ಗಾಡಿ ಕೊಟ್ಟರೆ ಪಾಲಕರಿಗೂ ಮಾಲೀಕರಿಗೂ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಎಂಬ ಕಲಮು 2019ರ ತಿದ್ದುಪಡಿಯಲ್ಲಿ ಬಂತು. ಶಾಲೆಯಲ್ಲಿ ರಸ್ತೆ ಸುರಕ್ಷತಾ ಸಪ್ತಾಹದ ದಿನ ಆ ಕಲಮನ್ನು ಬೋರ್ಡಿನ ಮೇಲೆ ಬರೆದು ಓದಿಸಿದವಳೂ ನಾನೇ. ಪೇಢೆ ತರಲು ಕಳಿಸಿದ ಶಿಕ್ಷಕಿಯ ಬಗ್ಗೆ ಅದರಲ್ಲಿ ಏನೂ ಇಲ್ಲ.

ಇಷ್ಟು ವರ್ಷ ನಾನು ನನಗೆ ಹೇಳಿಕೊಂಡದ್ದು ಇಷ್ಟೇ: ಅದು ಕೆಲಸಕ್ಕೆ ಹೋದದ್ದು, ಆಟಕ್ಕಲ್ಲ. ಕೆಲಸದ ಹೆಸರು ಬಂತೆಂದರೆ ನಮಗೆ ಅಪಾಯ ಕಾಣುವುದೇ ಇಲ್ಲ. ಮೆಣಸಿನಕಾಯಿ ಬಿಡಿಸಲು ಹೆಣ್ಣುಮಕ್ಕಳನ್ನು ಟಂಟಂನಲ್ಲಿ ಹದಿನೈದು ಜನ ತುಂಬಿ ಒಯ್ಯುತ್ತಾರೆ, ಕೈ ಮಾಡಿ ನಗುತ್ತ ಹೋಗುತ್ತಾರೆ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅದರಲ್ಲಿ ಸುಮಾರು 75 ಸಾವಿರ ಜನ ದ್ವಿಚಕ್ರ ವಾಹನದವರು. ಅವರಲ್ಲಿ ಹೆಚ್ಚಿನವರು ಹಾಲು ತರಲು, ಆಫೀಸಿಗೆ, ಮದುವೆಗೆ ಹೊರಟಿದ್ದವರೇ ಇರಬೇಕು. ನಾನೂ ದಿನಾ ಸ್ಕೂಟಿಯಲ್ಲಿ ಶಾಲೆಗೆ ಹೋಗುತ್ತೇನೆ. ಹೆಲ್ಮೆಟ್ಟು ಡಿಕ್ಕಿಯಲ್ಲಿ ಇರುತ್ತದೆ, ಹೂವು ಮುದುಡುತ್ತದೆಂದು.

ಇನ್ನು ಖುಷಿಗೆ ಹೊರಟ ಹೆಂಗಸರೆಂದರೆ ನಮ್ಮ ನಾಲಿಗೆಯೇ ಬೇರೆ. 2021ರ ಸಂಕ್ರಾಂತಿಯ ಮರುದಿನ ಧಾರವಾಡದ ಇಟಿಗಟ್ಟಿ ಹತ್ತಿರದ ಬೈಪಾಸಿನಲ್ಲಿ ದಾವಣಗೆರೆಯ ಶಾಲಾ ಗೆಳತಿಯರ ವಾಹನಕ್ಕೆ ಟಿಪ್ಪರು ಬಡಿದು ಹತ್ತಕ್ಕೂ ಹೆಚ್ಚು ಜನ ಸತ್ತರಲ್ಲ, ಆಗ "ಗೋವಾಕ್ಕ ಯಾಕ ಹೋಗಬೇಕಾಗಿತ್ತು?" ಎಂದು ಕೇಳಿದವರನ್ನು ನಾನೇ ಬಲ್ಲೆ. ಟಿಪ್ಪರಿನದೂ ಇಕ್ಕಟ್ಟಾದ ರಸ್ತೆಯದೂ ಮಾತು ಆಮೇಲೆ. ಹಿಂದೆ ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ರಾತ್ರಿ ತಿರುಗಿ ಬರುವಾಗಲೂ ಆಡಿಕೊಂಡವರಿದ್ದರು. ಸಂಗೀತಕ್ಕೂ ಮೋಟಾರ್ ಸೈಕಲ್ಲಿಗೂ ಎಲ್ಲಿಯ ಹೋಲಿಕೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಹೋಲಿಕೆ ಸರಿಯಿಲ್ಲ, ಆಡಿಕೊಳ್ಳುವ ಬಾಯಿ ಮಾತ್ರ ಒಂದೇ.

ದಸರಾ ರಜೆಯಿತ್ತು. "ನಾನೂ ಬರ್ತೇನಿ" ಎಂದೆ. ಅವಳಿಗೆ ನಂಬಿಕೆಯಾಗಲಿಲ್ಲ.

ಆ ಟ್ರ್ಯಾಕು ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳ್ಯದಲ್ಲಿದೆ. ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದ. ಕರಿವರ್ಧನ್ ಎಂಬ ರೇಸುಗಾರರ ಹೆಸರು ಅದಕ್ಕೆ. ರೇಸಿನ ಕಾರುಗಳನ್ನು ಕಟ್ಟುತ್ತಿದ್ದವರು; 1995ರಲ್ಲಿ ತೀರಿಕೊಂಡರು, ವಿಮಾನ ಅಪಘಾತದಲ್ಲಿ. ಅತ್ತೆಯವರಿಗೆ ಇದನ್ನು ಹೇಳಲು ಹೋಗಲಿಲ್ಲ.

ಬೆಳಿಗ್ಗೆ ಗಾಡಿಗಳ ತಪಾಸಣೆ. ಬ್ರೇಕು, ಚೈನು, ಟಯರಿನ ಗಾಳಿ. ದೀಪದ ಗಾಜಿಗೆ ಟೇಪು ಅಂಟಿಸಿದರು, ಒಡೆದರೆ ಚೂರು ಬೀಳಬಾರದೆಂದು. ಹಿಂದೆ ನೋಡುವ ಕನ್ನಡಿಗಳನ್ನು ಬಿಚ್ಚಿದರು. ಕನ್ನಡಿಯಿಲ್ಲದೆ ಹೇಗೆ ಎಂದು ಗಾಬರಿಯಾಗಿ ಕೇಳಿದೆ. ಇಲ್ಲಿ ಹಿಂದಿನಿಂದ ಬಂದು ದಾಟುವವನೇ ಮುಂದಿನವರ ಕಾಳಜಿ ಮಾಡಬೇಕು, ಮುಂದಿನವರು ತಮ್ಮ ದಾರಿ ನೋಡಿಕೊಂಡು ಹೋದರೆ ಸಾಕು ಎಂದು ಮಗಳು ವಿವರಿಸಿದಳು. ನಮ್ಮ ಹುಬ್ಬಳ್ಳಿ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದರೆ ಮಣ್ಣಿಗೆ ಇಳಿಯುವವಳು ನಾನು. ಬಹಳ ಹೊತ್ತು ಆ ಮಾತನ್ನೇ ಯೋಚಿಸುತ್ತ ಕೂತೆ.

ಹಳದಿ ಬಾವುಟ ತೋರಿಸಿದರೆ ಮುಂದೆ ಅಪಾಯ, ಯಾರೂ ಯಾರನ್ನೂ ದಾಟುವಂತಿಲ್ಲ. ಕೆಂಪು ತೋರಿಸಿದರೆ ಎಲ್ಲರೂ ನಿಧಾನಿಸಿ ಒಳಗೆ ಬರಬೇಕು. ಬಾಡಿಗೆಯ ಚರ್ಮದ ಉಡುಪಿನಲ್ಲಿ ನನ್ನ ಮಗಳು ನನಗೇ ಗುರುತಾಗಲಿಲ್ಲ. ಮೊದಲ ಸುತ್ತುಗಳಲ್ಲಿ ಕಲಿಸುವವರ ಹಿಂದೆ ಬಾತುಕೋಳಿಯ ಮರಿಗಳ ಹಾಗೆ ಸಾಲಾಗಿ ಹೋದರು. ಆಮೇಲೆ ಬಿಟ್ಟರು. ಅವಳ ಗಾಡಿ ಎಲ್ಲಕ್ಕಿಂತ ಸಣ್ಣದು, ಅವಳು ಎಲ್ಲರಿಗಿಂತ ನಿಧಾನ. ಎಲ್ಲರೂ ಅವಳನ್ನು ದಾಟಿ ಹೋದರು. ಸುಳ್ಳೇಕೆ, ನನಗೆ ಒಳಗೊಳಗೇ ಸಿಟ್ಟು ಬಂತು. ಇಷ್ಟು ದೂರ ಬಂದು ಕಡೆಯವಳಾಗುವುದೇ?

ಮಧ್ಯಾಹ್ನ ಒಬ್ಬ ಹುಡುಗ ಬಿದ್ದ. ಬಾವುಟ ಬೀಸಿತು, ಗಾಡಿಗಳೆಲ್ಲ ತಣ್ಣಗಾದವು, ಆಂಬುಲೆನ್ಸು ಓಡಿತು. ಅವನು ಎದ್ದು ನಡೆದು ಬಂದ. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗೆ ಬಿದ್ದಿತ್ತು.

ಸಂಜೆ ಅವಳು ಹೆಲ್ಮೆಟ್ಟು ತೆಗೆದು ಬೆವರಿನ ಮುಖದಲ್ಲಿ ಬಂದು ಪಕ್ಕದಲ್ಲಿ ಕೂತಳು. "ಇಷ್ಟ ದಿನ ತಪ್ಪು ಮಾಡ್ತಿದ್ನೆವ್ವಾ. ತಿರುವು ಬಂತಂದ್ರ ಅಂಜಿ ಗಾಲೀ ಮುಂದಿನ ನೆಲಾ ನೋಡ್ತಿದ್ದೆ. ಎಲ್ಲಿಗೆ ಹೋಗಬೇಕೋ ಅಲ್ಲೇ ನೋಡಬೇಕಂತ" ಎಂದಳು. ಅವಳು ಗಾಡಿಯ ಮಾತಾಡುತ್ತಿದ್ದಳು.

ಊರಿಗೆ ಬಂದ ಮರುದಿನ ಹೆಲ್ಮೆಟ್ಟು ಹಾಕಿಕೊಂಡು ಜೋಳದ ಚೀಲ ಇಟ್ಟುಕೊಂಡು ಆ ಹಳ್ಳಿಗೆ ಹೋದೆ. ಅವನದು ಈಗ ಹಿಟ್ಟಿನ ಗಿರಣಿ. ಮದುವೆಯಾಗಿ ಎರಡು ಮಕ್ಕಳು. ಹಿಂದೆ ನಾಲ್ಕಾರು ಸಲ ಹೋಗಿದ್ದೇನೆ; ಹಿಟ್ಟು ಹಾಕಿಸಿ, ಮಕ್ಕಳ ಕೈಗೆ ಚಾಕಲೇಟು ಕೊಟ್ಟು ಬಂದಿದ್ದೇನೆ. ಅಂದು ಗಿರಣಿ ನಿಲ್ಲಿಸಲು ಹೇಳಿದೆ. ಹೇಳಬೇಕಾದದ್ದನ್ನು ಹೇಳಿದೆ. ಕಳಿಸಿದವಳು ನಾನು, ಸಹಿ ಮಾಡಿದವಳೂ ನಾನು ಎಂದೆ.

ಅವನು ಹೆಗಲ ಮೇಲಿನ ಟವೆಲಿನಿಂದ ಮುಖದ ಹಿಟ್ಟು ಒರೆಸಿಕೊಂಡ. "ಅಯ್ಯ, ಬಿಡ್ರಿ ಅಕ್ಕೋರ" ಎನ್ನುತ್ತಾನೆಂದು ದಾರಿಯುದ್ದಕ್ಕೂ ಎಣಿಸಿದ್ದೆ.

"ಮಜಾ ಮಾಡಾಕ ಗಾಡಿ ಒಯ್ದಾನ ಅಂತ ಅಪ್ಪ ತಿಳಕೊಂಡಿದ್ದರಿ" ಎಂದ. "ದವಾಖಾನಿಯಿಂದ ಬಂದ ಮ್ಯಾಲೆ, ಕಾಲಿಗೆ ಪಟ್ಟಿ ಇದ್ದಾಗನ ಹೊಡದ್ರಿ. ಪೇಢೆ ತರಾಕ ಹೋಗಿದ್ದೆ ಅಂದೆ. ಸಾಲಿಯವರು ಬ್ಯಾರೇನ ಬರದಾರಲ್ಲ ಅಂದ. ತೀರಿಕೊಳ್ಳೂ ತನಕಾ ನಂಬಲಿಲ್ರಿ."

ನನಗೆ ಮಾತು ಹೊರಡಲಿಲ್ಲ. ಅವನು ಕುಂಟುತ್ತ ಹೋಗಿ ಗಿರಣಿಯ ಸ್ವಿಚ್ಚು ಹಾಕಿದ. ಆ ಸದ್ದಿನಲ್ಲಿ ಕೂಗಿ ಕೇಳಿದ, "ಸಣ್ಣಗ ಬೀಸಲೇನ್ರಿ?" ಎಂದು. ತೂಕ ಮಾಡಿ, ಎಂದಿನಷ್ಟೇ ದುಡ್ಡು ತೆಗೆದುಕೊಂಡು, ಚೀಲವನ್ನು ತಾನೇ ಸ್ಕೂಟಿಯ ಮೇಲಿಟ್ಟ.